ಅಗತ್ಯದ ವಿವರಣೆ

ತನ್ನ ಮೇಜಿನ ಹತ್ತಿರ ಸೋಮವಾರ ಸಾರ್ಜೆಂಟ್ ಕ್ರೆನೆಕ್ ಬರಲೇ ಇಲ್ಲ ಎನ್ನುವುದು ಜಯದೇವಿಗೆ ಮಂಗಳವಾರ ಬೆಳಿಗ್ಗೆ ಕಾರು ಓಡಿಸುವಾಗ ಹೊಳೆಯಿತು. ಅದೇನು ದೊಡ್ಡ ವಿಷಯವಲ್ಲ ಎಂದು ಹೇಳಿಕೊಂಡಳು. ಹೇಳಿಕೊಂಡ ಮೇಲೆ ಅದು ದೊಡ್ಡದಾಗಿಬಿಟ್ಟಿತು. ಟೆಕ್ಸಾಸಿನ ಫ್ಲೂಗರ್‌ವಿಲ್‌ನ ಮನೆಯಿಂದ ಸೀಡರ್ ಫೋರ್ಡ್ ಎಂಬ ಆ ಸಣ್ಣ ಊರಿನ ನಗರಸಭೆಗೆ ಇಪ್ಪತ್ತೈದು ನಿಮಿಷದ ದಾರಿ. ಆರು ವರ್ಷದಿಂದ ಅಲ್ಲಿ ಅನುದಾನದ ಅರ್ಜಿ ಬರೆಯುವುದು ಅವಳ ಕೆಲಸ. ರಸ್ತೆಗೆ, ಬೆಂಕಿ ಆರಿಸುವ ಗಾಡಿಗೆ, ಲೈಬ್ರರಿಯ ಕಂಪ್ಯೂಟರಿಗೆ, ಸರ್ಕಾರ ಎಲ್ಲಿ ಕೈ ಬಿಚ್ಚುತ್ತದೋ ಅಲ್ಲಿಗೆ ಕಾಗದ ಬರೆದು ಕೇಳುವುದು. ಗಂಡ ಶ್ರೀಶೈಲ್ ಇದನ್ನು ಜೋಳಿಗೆ ಇಲಾಖೆ ಎಂದು ಚೇಷ್ಟೆ ಮಾಡುತ್ತಾನೆ. ಪೊಲೀಸ್ ಠಾಣೆಯೂ ಅದೇ ಕಟ್ಟಡದಲ್ಲಿ, ಉದ್ದನೆಯ ಓಣಿಯ ಆ ಕೊನೆಗೆ. ದಿನಾ ಎಂಟೂಕಾಲಿಗೆ ಕ್ರೆನೆಕ್ ಆ ಓಣಿಯಿಂದ ನಡೆದುಬಂದು ಅವಳ ಮೇಜಿನ ಮೂಲೆಯಲ್ಲಿ ಕಾಗದದ ಪೊಟ್ಟಣದಲ್ಲಿ ಒಂದು ಕೊಲಾಚಿ ಇಡುತ್ತಾನೆ. ಅವನ ಮುತ್ತಜ್ಜನಂಥ ಚೆಕ್ ಜನ ಈ ಸೀಮೆಗೆ ತಂದ ಹಣ್ಣಿನ ಬನ್ನು ಅದು. ಏಪ್ರಿಕಾಟ್ ಹಣ್ಣಿನದನ್ನೇ ಹುಡುಕಿ ತರುತ್ತಾನೆ, ಅವಳಿಗೆ ಅದೇ ಇಷ್ಟವೆಂದು. ನಿನ್ನೆ ಅವನು ಓಣಿಯಲ್ಲಿ ಅವಳ ಬಾಗಿಲ ಮುಂದೆಯೇ ಹಾದುಹೋಗಿದ್ದ. ಬೂಟಿನ ಸದ್ದು ಒಂದು ಚೂರೂ ನಿಧಾನವಾಗಿರಲಿಲ್ಲ.

ಅಕ್ಟೋಬರ್ ಬಂದಿದ್ದರೂ ಸೆಕೆ ಇಳಿದಿರಲಿಲ್ಲ. ಕಾರಿನ ಏಸಿ ಮುಖಕ್ಕೆ ಬಡಿಯುತ್ತಿತ್ತು, ಬೆನ್ನು ಬೆವರುತ್ತಿತ್ತು. ಈ ದಿನ ಸಂತೋಷದ ದಿನವಾಗಬೇಕಿತ್ತು. ಪೊಲೀಸರ ಮನಸ್ಸಿನ ಆರೋಗ್ಯಕ್ಕೆಂದು ವಾಷಿಂಗ್ಟನ್ನಿನಿಂದ ಈ ವರ್ಷ ಕೊಡತೊಡಗಿದ್ದ ಹೊಸ ಅನುದಾನ ಅವಳ ಊರಿಗೆ ಸಿಕ್ಕಿತ್ತು. ದೊಡ್ಡ ದೊಡ್ಡ ಪೇಟೆಗಳಿಗೆ ಸಿಗದದ್ದು ನಲವತ್ತೊಂದು ಪೊಲೀಸರಿರುವ ಸೀಡರ್ ಫೋರ್ಡ್‌ಗೆ ಸಿಕ್ಕಿತ್ತು. ಎರಡು ವರ್ಷದ ಮಟ್ಟಿಗೆ ಒಬ್ಬಳು ಆಪ್ತಸಲಹೆಗಾರ್ತಿ, ಅವಳಿಗೊಂದು ಕೋಣೆ. ಸಂಜೆ ಆರಕ್ಕೆ ನಗರಸಭೆ ಅದನ್ನು ಒಪ್ಪಿಕೊಂಡು ಗೊತ್ತುವಳಿ ಮಾಡಿದರೆ ಮುಗಿಯಿತು. ಅದಕ್ಕೆಂದೇ ಅವಳು ಇವತ್ತು ಇಳಕಲ್ ಸೀರೆಯ ಬಟ್ಟೆಯಲ್ಲಿ ಹೊಲಿಸಿದ ಕುರ್ತಾ ಹಾಕಿಕೊಂಡಿದ್ದಳು.

ನಗರಸಭೆಯ ಗುಮಾಸ್ತೆ ಡಾರ್ಲೀನ್ ಬಾಗಿಲಲ್ಲೇ ಸಿಕ್ಕಳು. "ನೀನು ಬರೆದದ್ದನ್ನ ಎಲ್ಲರೂ ಓದ್ತಿದಾರೆ ಕಣೇ. ನಾನಂತೂ ಅತ್ತೇಬಿಟ್ಟೆ. ಪಾಪ, ಆ ಮನುಷ್ಯ!" ಅಂದಳು. ಯಾವ ಮನುಷ್ಯ ಎಂದು ಕೇಳಬೇಕಾಗಿರಲಿಲ್ಲ. ಆದರೂ ಜಯದೇವಿ ಕೇಳಿದಳು, "ಎಲ್ಲಿ ಓದಿದೆ?" ಡಾರ್ಲೀನ್ ನಕ್ಕಳು. "ನೀನೇ ಅಲ್ವಾ ಹಾಕಿದ್ದು, ಸಭೆಯ ಕಾಗದದ ಜೊತೆ?" ಜಯದೇವಿ ತನ್ನ ಕುರ್ಚಿಗೆ ಹೋಗಿ ಕಂಪ್ಯೂಟರ್ ತೆರೆದಳು. ಸಭೆಗೆ ಮೂರು ದಿನ ಮೊದಲು ಅದರ ಎಲ್ಲ ಕಾಗದಗಳನ್ನೂ ಊರವರು ನೋಡುವಂತೆ ವೆಬ್‌ಸೈಟಿಗೆ ಹಾಕುವುದು ಅಲ್ಲಿಯ ಕ್ರಮ. ಏಳನೆಯ ವಿಷಯದ ಕೆಳಗೆ ಅವಳ ಅರ್ಜಿಯ ಮೂವತ್ತೆಂಟೂ ಪುಟ ಇದ್ದವು. ಮೊದಲ ಎರಡು ಪುಟ ಮಾತ್ರ ಇರಬೇಕಿತ್ತು. ಶುಕ್ರವಾರ ನಾಲ್ಕು ಗಂಟೆಗೆ ಹೂಸ್ಟನ್ನಿನ ಹತ್ತಿರದ ದ ವುಡ್‌ಲ್ಯಾಂಡ್ಸ್‌ಗೆ ಹೊರಡುವ ಅವಸರ. ಡಾಕ್ಟರ್ ಗದಿಗೆಪ್ಪ ಅಂಕಲ್ ಮನೆಯಲ್ಲಿ ವಾರಾಂತ್ಯದ ಊಟ, ಶ್ರೀಶೈಲ್ ಕೆಳಗೆ ಹಾರ್ನ್ ಹೊಡೆಯುತ್ತಿದ್ದ. ರಸ್ತೆಯ ಅನುದಾನಕ್ಕೂ ಗಾಡಿಯ ಅನುದಾನಕ್ಕೂ ಮಾಡುವ ಹಾಗೆಯೇ ಅವಳು 'ಎಲ್ಲವನ್ನೂ ಲಗತ್ತಿಸು' ಒತ್ತಿದ್ದಳು. ರಸ್ತೆಗೆ ಮಾನ ಮರ್ಯಾದೆ ಇರುವುದಿಲ್ಲ, ಅದರ ತಗ್ಗು ಗುಂಡಿಗಳನ್ನು ಯಾರು ಓದಿದರೂ ನಡೆಯುತ್ತದೆ. ಡಾರ್ಲೀನ್‌ಗೆ ಫೋನ್ ಮಾಡಿ ಅದನ್ನು ತೆಗೆಸಿದಳು. ಡಾರ್ಲೀನ್ ತೆಗೆದಳು, ಆಮೇಲೆ ಮೆಲ್ಲಗೆ, "ಇಲ್ಲಿಂದ ತೆಗೀಬಹುದು. ಅವರವರ ಫೋನಲ್ಲಿ ಇಳಿಸಿಕೊಂಡದ್ದನ್ನ ಏನು ಮಾಡ್ತೀ?" ಅಂದಳು.

ಹನ್ನೊಂದನೆಯ ಪುಟ, 'ಅಗತ್ಯದ ವಿವರಣೆ.' ಅವಳಿಗೆ ಅದು ಬಾಯಿಪಾಠವಾಗಿತ್ತು. 'ನಮ್ಮ ಇಲಾಖೆಯಲ್ಲಿ ಒಬ್ಬ ಅಧಿಕಾರಿಯಿದ್ದಾರೆ. ಅವರ ದನಿ ಮೃದು. ಅದಕ್ಕಾಗಿಯೇ, ಯಾರಾದರೂ ಅಪಘಾತದಲ್ಲೋ ಆತ್ಮಹತ್ಯೆಯಲ್ಲೋ ತೀರಿಕೊಂಡರೆ ಮನೆಯವರಿಗೆ ಸುದ್ದಿ ಹೇಳಲು ಯಾವಾಗಲೂ ಅವರನ್ನೇ ಕಳಿಸುತ್ತೇವೆ. ಹದಿನೇಳು ವರ್ಷಗಳಲ್ಲಿ ಅವರು ಎಪ್ಪತ್ತಕ್ಕೂ ಹೆಚ್ಚು ಬಾಗಿಲುಗಳ ಕರೆಗಂಟೆ ಒತ್ತಿದ್ದಾರೆ. ಈಗ ಅವರು ತಮ್ಮ ಮಗಳ ಮನೆಯ ಕರೆಗಂಟೆಯನ್ನೂ ಒತ್ತಲಾರರು. ಹೊರಗೆ ನಿಂತು ಫೋನ್ ಮಾಡುತ್ತಾರೆ. ಡ್ಯೂಟಿ ಮುಗಿದ ಮೇಲೆ ಗ್ಯಾರೇಜಿನಲ್ಲಿ, ಇಂಜಿನ್ ಆರಿಸಿದ ಕಾರಿನಲ್ಲಿ, ನಲವತ್ತು ನಿಮಿಷ ಕೂರುತ್ತಾರೆ. ಗೋಡೆಯ ಆಚೆಗಿರುವ ಹೆಂಡತಿ ಊಟಕ್ಕೆ ಬನ್ನಿ ಎಂದು ಮೆಸೇಜ್ ಕಳಿಸುತ್ತಾರೆ. ಅಂಥ ದಿನಗಳಲ್ಲಿ ಅವರು ಊಟವನ್ನು ಕೈಯಿಂದ ಮುಟ್ಟುವುದಿಲ್ಲ. ಟಾಕೊ ಆದರೂ, ಸ್ಯಾಂಡ್‌ವಿಚ್ ಆದರೂ ಫೋರ್ಕಿನಿಂದ ತಿನ್ನುತ್ತಾರೆ.' ಹೆಸರಿರಲಿಲ್ಲ. ಹೆಸರಿರಲಿಲ್ಲ ಎಂಬ ಧೈರ್ಯದಲ್ಲೇ ಅವಳು ಇಷ್ಟು ದಿನ ನೆಮ್ಮದಿಯಾಗಿ ಮಲಗಿದ್ದಳು. ನಲವತ್ತೊಂದು ಜನರಿರುವ ಠಾಣೆಯಲ್ಲಿ ಸಾವಿನ ಸುದ್ದಿ ಹೇಳಲು ಹೋಗುವವನು ಯಾರೆಂದು ಕಸ ಗುಡಿಸುವವಳಿಗೂ ಗೊತ್ತು ಎನ್ನುವುದು ಓದು ಬರಹ ಬಲ್ಲ ಜಯದೇವಿಗೆ ಹೊಳೆದಿರಲಿಲ್ಲ.

ಅಥವಾ ಹೊಳೆದಿತ್ತೇನೋ. ಮಾರ್ಚ್‌ನಲ್ಲಿ ಅವಳು ನಲವತ್ತೊಂದು ಜನಕ್ಕೂ ಪ್ರಶ್ನಾವಳಿ ಹಂಚಿದ್ದಳು: ನಿದ್ದೆ ಬರುತ್ತದೆಯೇ, ಕೋಪ ಬರುತ್ತದೆಯೇ, ಕುಡಿಯುವುದು ಹೆಚ್ಚಾಗಿದೆಯೇ. ನಲವತ್ತೊಂದೂ ವಾಪಸು ಬಂದವು, ಎಲ್ಲದರಲ್ಲೂ ಎಲ್ಲ ಚೆನ್ನಾಗಿದೆ ಎಂದಿತ್ತು. ಇಷ್ಟು ಸುಖವಾಗಿರುವ ಠಾಣೆಗೆ ಯಾವ ಸರ್ಕಾರ ಯಾಕೆ ದುಡ್ಡು ಕೊಟ್ಟೀತು? ಡಲ್ಲಾಸಿನಲ್ಲಿ ಮಗಳು ಪ್ರೇರಣಾಳ ಮನೆಯಲ್ಲಿ ಉಳಿದುಕೊಂಡು ಜಯದೇವಿ ಹೋಗಿದ್ದ ಅರ್ಜಿ ಬರೆಯುವವರ ತರಬೇತಿಯಲ್ಲಿ ಒಬ್ಬ ಕಟ್ಟುಮಸ್ತು ಗಂಡಸು ವೇದಿಕೆಯ ಮೇಲೆ ಅತ್ತಿತ್ತ ನಡೆಯುತ್ತ, ಅಂಕಿ ಅಂಶ ಓದುವವರಿಗೆ ಆಕಳಿಕೆ ಬರುತ್ತದೆ, ಒಬ್ಬ ಮನುಷ್ಯನನ್ನು ತೋರಿಸಿ ಎಂದಿದ್ದ. ಅವಳು ಆ ಮಾತನ್ನು ಬರೆದುಕೊಂಡು ಅಡಿಗೆರೆ ಎಳೆದಿದ್ದಳು. ಅದಾಗಿ ನಾಲ್ಕು ದಿನಕ್ಕೆ ಕಾಫಿ ಕೋಣೆಯಲ್ಲಿ ಕ್ರೆನೆಕ್ ಒಬ್ಬನೇ ಕೂತಿದ್ದ, ಮುಂದಿನ ಲೋಟ ತಣ್ಣಗಾಗಿತ್ತು. ಅವನ ಮಾತು ನಿಧಾನ, ವಾಕ್ಯದ ಕೊನೆಯನ್ನು ಬಾಯಲ್ಲೇ ಇಟ್ಟುಕೊಳ್ಳುವ ಮಾತು. ಅವನ ಇಂಗ್ಲಿಷ್ ಅವಳ ಕಿವಿಗೆ ಬೀಳುವಷ್ಟರಲ್ಲಿ ಅದು ಹೇಗೋ ಗದುಗಿನ ಕನ್ನಡವಾಗಿಬಿಡುತ್ತಿತ್ತು, ಅಪ್ಪನ ಕನ್ನಡ. "ನಮ್ಮಪ್ಪನೂ ಪೊಲೀಸ್," ಎಂದು ಅವಳೇ ಮೊದಲು ಹೇಳಿದಳು. ಅವನು ತಲೆ ಎತ್ತಿದ. "ಮತ್ತ ಹೆಂಗಿದ್ರು ಮನ್ಯಾಗ?" ಎಂದ. "ಸುಮ್ಮನೆ ಇರುತ್ತಿದ್ದ." ಕ್ರೆನೆಕ್ ನಕ್ಕ. ಆಮೇಲೆ ಒಂದು ಗಂಟೆ ಮಾತಾಡಿದ. ಅರ್ಜಿಗೆಂದು ಅವನು ಹೇಳಿರಲಿಲ್ಲ, ಅರ್ಜಿಗಲ್ಲ ಎಂದೂ ಹೇಳಿರಲಿಲ್ಲ. ಆ ಸಂದಿಯಲ್ಲಿ ಅವಳು ತೂರಿಕೊಂಡಳು.

ಅಪ್ಪನ ವಿಷಯವನ್ನು ಅವನಿಗೂ ಪೂರ್ತಿ ಹೇಳಿರಲಿಲ್ಲ. ಮೂವತ್ತು ವರ್ಷ ಜೊತೆಗೆ ಬಾಳಿದ ಶ್ರೀಶೈಲನಿಗೂ ಹೇಳಿರಲಿಲ್ಲ. ಅಪ್ಪ ಗದಗ ಜಂಕ್ಷನ್ನಿನಲ್ಲಿ ರೈಲ್ವೆ ಪೊಲೀಸ್ ಹವಾಲ್ದಾರ. ಹಳಿಗೆ ಬಿದ್ದವರನ್ನು ಎತ್ತಿಸಿ, ಬಿಳಿ ಬಟ್ಟೆಯಲ್ಲಿ ಕಟ್ಟಿಸಿ, ಪಂಚನಾಮೆ ಬರೆದು ಕಳಿಸುವುದು ಅವನ ಪಾಲಿಗೆ ಬರುತ್ತಿತ್ತು. ಎತ್ತುವವರು ಕುಡಿದು ಬಿದ್ದಿದ್ದರೆ ತಾನೇ ಎತ್ತುತ್ತಿದ್ದ. ಅಂಥ ದಿನ ಮನೆಗೆ ಬಂದವನು ಹಿತ್ತಲಲ್ಲಿ ಬಟ್ಟೆ ಸೋಪು ಹಚ್ಚಿ ಮೊಳಕೈವರೆಗೆ ತೊಳೆದುಕೊಳ್ಳುತ್ತಿದ್ದ. ಎಷ್ಟು ತೊಳೆದರೂ ಮೂರು ದಿನ ರೊಟ್ಟಿ ಮುಟ್ಟುತ್ತಿರಲಿಲ್ಲ. ಅವ್ವ, ಶಾಂತವ್ವ, ಏನೂ ಕೇಳದೆ ಅನ್ನ ಸಾರು ಕಲಸಿ ಬಟ್ಟಲಲ್ಲಿ ಹಾಕಿ ಕೊಡುತ್ತಿದ್ದಳು, ಅಪ್ಪ ಚಮಚದಲ್ಲಿ ಉಣ್ಣುತ್ತಿದ್ದ. ಇಡೀ ರೈಲ್ವೆ ಕ್ವಾರ್ಟರ್ಸಿನಲ್ಲಿ ಚಮಚದಲ್ಲಿ ಉಣ್ಣುವ ಗಂಡಸು ಬೇರೆ ಇರಲಿಲ್ಲ. ಜಯದೇವಿಗೂ ತಂಗಿಯರಿಗೂ ಅದು ಭಾರೀ ತಮಾಷೆ. "ಸಾಹೇಬ್ರು ಬಂದ್ರು, ಸಾಹೇಬ್ರು," ಎಂದು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದರು. ಒಂದು ಸಂಜೆ, ಅವಳು ಆಗ ಏಳನೆಯ ಇಯತ್ತೆ, ಹೊಂಬಳದ ಕಡೆ ಯಾರೋ ರೈಲುಗಾಡಿಗೆ ಸಿಕ್ಕರಂತೆ ಎಂದು ಸುದ್ದಿ ಬಂತು. ಅಪ್ಪ ಬರುವ ಮೊದಲೇ ಅವಳು ಅವನ ತಾಟಿನ ಪಕ್ಕದಲ್ಲಿ ಚಮಚ ತೊಳೆದು ಇಟ್ಟು ಕಾದಳು, ನಗಲಿಕ್ಕೆಂದು. ಅಪ್ಪ ಬಂದು ಕೂತ. ಚಮಚ ನೋಡಿದ, ಮಗಳನ್ನು ನೋಡಿದ, ಚಮಚ ಎತ್ತಿಕೊಂಡು ಉಂಡ. ಯಾರೂ ನಗಲಿಲ್ಲ. ಅವನು ನಿವೃತ್ತನಾಗಿ ಎರಡು ವರ್ಷಕ್ಕೆ ಸತ್ತ, ಆ ಬಗ್ಗೆ ಒಂದೇ ಒಂದು ಮಾತಾಡದೆ.

ಅರ್ಜಿ ಬರೆಯುವಾಗ ಆ ಚಮಚ ತಾನಾಗಿಯೇ ಬಂದು ಸೇರಿಕೊಂಡಿತು ಎಂದು ಅವಳು ಹೇಳಿಕೊಳ್ಳಬಹುದು. ನಿಜವೇನೆಂದರೆ ಅವಳು ಯೋಚಿಸಿಯೇ ಸೇರಿಸಿದ್ದಳು. ಕ್ರೆನೆಕ್‌ನ ಗುರುತು ಮರೆಯಾಗಲಿ ಎಂದು ಬೇರೊಬ್ಬರ ವಿವರ ಬೆರೆಸಿದೆ, ಇದು ಎಚ್ಚರಿಕೆ, ಎಂದು ತನಗೆ ತಾನೇ ಶಹಬ್ಬಾಸ್ ಹೇಳಿಕೊಂಡಿದ್ದಳು. ರೊಟ್ಟಿ ಟಾಕೊ ಆಯಿತು, ಚಮಚ ಫೋರ್ಕ್ ಆಯಿತು. ಕೈಯಿಂದ ಉಣ್ಣದಿರುವುದು ಗದುಗಿನಲ್ಲಿ ಎದೆ ಹಿಂಡುವ ಸಂಗತಿ. ಟೆಕ್ಸಾಸಿನಲ್ಲಿ ಅದು ಬರೀ ವಿಚಿತ್ರ, ನಗು ತರಿಸುವ ವಿಚಿತ್ರ ಎನ್ನುವುದು ಅವಳ ತಲೆಗೆ ಹೋಗಲೇ ಇಲ್ಲ. ಬರೆದು ಮುಗಿಸಿ ಓದಿಕೊಂಡಾಗ ಅವಳ ಕಣ್ಣಲ್ಲಿ ನೀರು ಬಂದಿತ್ತು. ಸರ್ಕಾರದವರು ಅಂಕ ಕೊಟ್ಟ ಹಾಳೆಯಲ್ಲಿ ಆ ಭಾಗಕ್ಕೆ ಪೂರ್ತಿ ಅಂಕ ಇತ್ತು, ಮನ ಮುಟ್ಟುವಂತಿದೆ ಎಂದು ಬೇರೆ ಬರೆದಿದ್ದರು. ಮೊನ್ನೆ ಶನಿವಾರ ಗದಿಗೆಪ್ಪ ಅಂಕಲ್ ಮನೆಯಲ್ಲಿ ಶ್ರೀಶೈಲ್ ಅದನ್ನು ಫೋನಿನಲ್ಲಿ ತೆಗೆದು ಎಲ್ಲರೆದುರು ಓದಿದ್ದ. ಹೋಳಿಗೆ ತಿನ್ನುತ್ತಿದ್ದ ಇಪ್ಪತ್ತು ಜನ ತಾಟು ಕೆಳಗಿಟ್ಟು ಕೇಳಿದರು. "ಏನ್ ಬರದೀಯವಾ, ಕಣ್ಣಾಗ ನೀರ ಬಂತು ನೋಡು," ಎಂದು ಅಂಕಲ್ ಅವಳ ತಲೆಯ ಮೇಲೆ ಕೈ ಇಟ್ಟರು. ಅವಳಿಗೆ ಆಗ ಎಷ್ಟು ಹಿತವಾಗಿತ್ತೆಂದರೆ, ಆ ಹಿತವನ್ನು ಈಗ ನೆನೆಯುವುದೂ ಬೇಡವಾಗಿತ್ತು.

ಹತ್ತೂವರೆಗೆ ಅವಳು ಎದ್ದು ಓಣಿಯ ಆ ಕೊನೆಗೆ ಹೋದಳು. ಸಾರ್ಜೆಂಟರ ಕೋಣೆ ಖಾಲಿಯಿತ್ತು. ಕ್ರೆನೆಕ್‌ನ ಮೇಜಿನ ಮೇಲೆ, ಕಡತಗಳ ಮುಂದೆ, ಒಂದು ಬಿಳಿ ಪ್ಲಾಸ್ಟಿಕ್ ಫೋರ್ಕು ಇತ್ತು. ಕಾಗದದ ಕರವಸ್ತ್ರ ಮಡಿಸಿ ಅದರ ಮೇಲೆ ನೀಟಾಗಿ ಇಟ್ಟಿದ್ದರು. ಯಾರೋ ನಗಲಿಕ್ಕೆಂದು ಇಟ್ಟು, ಈಗ ಎಲ್ಲೋ ಕಾಯುತ್ತಿದ್ದಾರೆ. ಇಟ್ಟವರು ಕೆಟ್ಟವರಲ್ಲ ಎನ್ನುವುದು ಅವಳಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಾರದು. ಫೋರ್ಕನ್ನು ಎತ್ತಿ ಕುರ್ತಾದ ಜೇಬಿಗೆ ಹಾಕಿಕೊಂಡಳು. ಪಕ್ಕದ ಮೇಜಿನ ಎಳೆಯ ಪೊಲೀಸ್ ನೋಡಿ ಕೆಂಪಾಗಿ ಕಂಪ್ಯೂಟರಿನೊಳಗೆ ಮುಖ ಹುದುಗಿಸಿದ. "ಸಾರ್ಜೆಂಟ್ ಎಲ್ಲಿ?" ಎಂದಳು. "ಗಸ್ತಿಗೆ ಹೋಗಿದ್ದಾರೆ, ಮ್ಯಾಮ್," ಅಂದವನ ಕಿವಿಯೂ ಕೆಂಪಾಗಿತ್ತು.

ಕಾರಿಗೆ ಹೋಗಿ ಕೂತು ಶ್ರೀಶೈಲನಿಗೆ ಫೋನ್ ಮಾಡಿದಳು. ಅವನು ಆಸ್ಟಿನ್ನಿನ ಆಫೀಸಿನಲ್ಲಿ ಯಾವುದೋ ಮೀಟಿಂಗಿನಿಂದ ಹೊರಗೆ ಬಂದು ಕೇಳಿದ. "ಹೆಸರು ಹಾಕಿಲ್ಲಲ್ಲ ನೀ? ಮತ್ಯಾಕ ಇಷ್ಟ್ ತಲಿ ಕೆಡಿಸ್ಕೋತಿ?" ಎಂದ. "ಎಲ್ಲಾರಿಗೂ ಗೊತ್ತಾಗೇದ್ರಿ." "ಗೊತ್ತಾದ್ರ ಗೊತ್ತಾಗ್ಲಿ. ಅವನ ಸಲುವಾಗಿನ ಅಲ್ಲ ನೀ ಇದನ್ನ ತಂದಿದ್ದು? ನಾಳೆ ಅವನ ಬಂದು ಥ್ಯಾಂಕ್ಸ್ ಹೇಳ್ತಾನ ನೋಡು." ಅವನು ಒಳ್ಳೆಯವನು, ಯಾವಾಗಲೂ ಅವಳ ಪಕ್ಷವೇ. ಆ ಗಳಿಗೆಯಲ್ಲಿ ಅವಳಿಗೆ ತನ್ನ ಪಕ್ಷದವರು ಯಾರೂ ಬೇಡವಾಗಿತ್ತು. "ಫೋರ್ಕ್ ನಮ್ಮಪ್ಪಂದು," ಎಂದು ಹೇಳಹೊರಟು, "ಸಂಜೀಕ ತಡ ಆಗ್ತದ, ನೀವು ಊಟ ಮಾಡ್ರಿ," ಎಂದು ಇಟ್ಟಳು.

ಒಂದು ದಾರಿ ಇತ್ತು. ಸಭೆ ಶುರುವಾಗುವ ಮೊದಲು ಏಳನೆಯ ವಿಷಯವನ್ನು ಪಟ್ಟಿಯಿಂದ ಹಿಂದಕ್ಕೆ ತೆಗೆದುಕೊಳ್ಳುವ ಅಧಿಕಾರ ಅರ್ಜಿ ಹಾಕಿದವಳಿಗಿತ್ತು. ತೆಗೆದುಕೊಂಡರೆ ಅನುದಾನ ಹೋಯಿತು. ಒಪ್ಪಿಗೆ ಕಳಿಸಲು ಈ ತಿಂಗಳೇ ಕೊನೆ, ಮುಂದಿನ ಸಭೆ ಮುಂದಿನ ತಿಂಗಳು. ಹೋದರೆ ಹೋಗಲಿ, ಅವನನ್ನು ಮಾರಿ ತಂದದ್ದು ತಾನೇ ಎಂದುಕೊಂಡಳು. ಮರುಕ್ಷಣ, ಹೋದರೆ ಅವನನ್ನು ಮಾರಿದ್ದೂ ದಂಡವಾಯಿತಲ್ಲ ಎನಿಸಿತು. ಹಾಗೆ ಅನಿಸಿದ್ದಕ್ಕೆ ನಾಚಿಕೆಯಾಯಿತು. ಊರಿನ ರಸ್ತೆಗಳಲ್ಲಿ ಅವನ ಗಾಡಿಯನ್ನು ಹುಡುಕುತ್ತ ಹೊರಟಳು. ದನದ ಮೇವಿನ ಅಂಗಡಿಯ ಹಿಂದೆ, ಓಕ್ ಮರದ ನೆರಳಲ್ಲಿ ಗಾಡಿ ನಿಂತಿತ್ತು. ಇಂಜಿನ್ ಆರಿಸಿ, ಕಿಟಕಿ ಇಳಿಸಿ ಅವನು ಕೂತಿದ್ದ.

ಅವಳು ಕಾರು ಇಳಿದು ಕಿಟಕಿಯ ಹತ್ತಿರ ನಿಂತಳು. ಐವತ್ತು ದಾಟಿದ ಮುಖ, ಬಿಸಿಲಿಗೆ ಸುಟ್ಟ ಕತ್ತು. ಅವನು ತಿರುಗಿ ನೋಡಲಿಲ್ಲ. "ತಪ್ಪಾಯಿತು ಸಾರ್ಜೆಂಟ್. ಅದು ಹೊರಗೆ ಬರಬಾರದಿತ್ತು," ಎಂದಳು. ಅವನು, "ಹೊರಗ ಬಂದಿದ್ದಷ್ಟ ತಪ್ಪೇನ್ರಿ, ಮಿಸ್ ಜೇ?" ಎಂದ. ಅವಳು ಕಿಟಕಿಯ ಅಂಚು ಹಿಡಿದಳು. "ಇಲ್ಲ. ಬರೆದದ್ದೇ ತಪ್ಪು. ಕೇಳದೆ ಬರೆದೆ." ಅವನು ತಲೆಯಾಡಿಸಿದ. ಸ್ಟೀರಿಂಗಿನ ಮೇಲಿದ್ದ ತನ್ನ ಕೈಗಳನ್ನು ನೋಡಿಕೊಂಡ. "ಗ್ಯಾರೇಜ್ ನಂದು ಖರೆ. ಕರೆಗಂಟಿ ನಂದು. ಹೇಳಿದ್ದೆ, ಹೇಳಿದ ತಪ್ಪು ನಂದು. ಆದ್ರ ಫೋರ್ಕ್ ಎಲ್ಲಿಂದ ಬಂತ್ರಿ? ನಾ ಹುಟ್ಟಿದಾಗಿಂದ ಟಾಕೊ ಕೈಲೇ ತಿಂದೇನಿ. ನಿನ್ನೆ ನನ್ನ ಹೆಂಡ್ತಿ ಅದನ್ನ ಓದಿ ನಾ ಉಣ್ಣೂದನ್ನ ನೋಡಿಕೋತ ಕೂತಿದ್ಲು. ನಾ ಕೈಲೇ ತಿಂದ್ರೂ ಅಳ್ತಾಳ, ತನ್ನ ಸಲುವಾಗಿ ಬೇಕಂತ ಕೈಲೇ ತಿನ್ನಾಕತ್ತಾನ ಅಂತ."

"ಅದು ನಮ್ಮಪ್ಪನದು," ಎಂದಳು ಜಯದೇವಿ. ಬಿಸಿಲಲ್ಲಿ ನಿಂತು ಎಲ್ಲವನ್ನೂ ಹೇಳಿದಳು: ಹಳಿ, ಬಿಳಿ ಬಟ್ಟೆ, ಬಟ್ಟೆ ಸೋಪು, ಅವ್ವನ ಬಟ್ಟಲು. ತಾನೇ ತೊಳೆದಿಟ್ಟು ಕಾದ ಚಮಚವನ್ನೂ ಹೇಳಿದಳು. ಹೇಳುತ್ತ ಅವಳಿಗೆ ಅಳು ಬಂತು. ಅಳುವ ಹಕ್ಕು ಇವತ್ತು ತನಗಿಲ್ಲ ಎನಿಸಿ ಅಳು ಇನ್ನೂ ಹೆಚ್ಚಾಯಿತು. ಕ್ರೆನೆಕ್ ಸಮಾಧಾನ ಹೇಳಲಿಲ್ಲ, ಎಪ್ಪತ್ತು ಮನೆಗಳ ಮುಂದೆ ಅಳುವವರನ್ನು ನೋಡಿದ ಮನುಷ್ಯ ಅಳು ಮುಗಿಯುವವರೆಗೂ ಕಾದ. ಆಮೇಲೆ, "ನಿಮ್ಮಪ್ಪ ಯಾರ ಮುಂದಾದ್ರೂ ಹೇಳಿದ್ರೇನ್ರಿ?" ಎಂದು ಕೇಳಿದ. "ಇಲ್ಲ." "ಹೇಳಿದ್ರ ಛಲೋ ಆಗತಿತ್ತೇನು?" ಅವಳು ಮೂವತ್ತೆಂಟು ಪುಟದ ಅರ್ಜಿಯಲ್ಲಿ ಆಗುತ್ತದೆ ಎಂದು ಬರೆದಿದ್ದಳು, ಅಂಕಿ ಅಂಶಗಳ ಸಮೇತ. "ಗೊತ್ತಿಲ್ಲ," ಎಂದಳು.

"ಇವತ್ತು ಸಂಜೆ ನಾನು ಈ ಅನುದಾನದ ವಿಷಯವನ್ನು ಹಿಂದೆ ತೆಗೆದುಕೊಳ್ಳಬಹುದು. ನೀವು ಹೇಳಿ, ತೆಗೆದುಕೊಳ್ಳುತ್ತೇನೆ." ಕ್ರೆನೆಕ್ ಆಗ ಮೊದಲ ಸಲ ಅವಳ ಮುಖ ನೋಡಿದ. ಆ ನೋಟದಲ್ಲಿ ಸಿಟ್ಟಿತ್ತು, ಎದ್ದು ಕಾಣುವ ಸಿಟ್ಟು. "ಈಗ ಕೇಳ್ತೀರೇನು ನನ್ನ?" ಎಂದ. "ನಲವತ್ತು ಮಂದಿ ಓದ್ಯಾರ. ಒಬ್ಬಾವ ಬಾಯಿ ಬಿಟ್ರ ಏನಾಗ್ತದ ಅನ್ನೂದನ್ನ ನೋಡ್ಯಾರ. ನೀವು ಆ ಸಲಹಾ ಕೊಡಾಕೀನ್ನ ಕರಸ್ರಿ, ಬಿಡ್ರಿ, ಆ ಖೋಲ್ಯಾಗ ಇನ್ನ ಯಾರೂ ಕಾಲಿಡೂದಿಲ್ಲ." ಅಷ್ಟರಲ್ಲಿ ರೇಡಿಯೋ ಕರೆಯಿತು. ಹೆದ್ದಾರಿಯಲ್ಲಿ ಲಾರಿ, ಬೈಕು. ಅವನು ಉತ್ತರ ಕೊಟ್ಟು ಇಂಜಿನ್ ಹಾಕಿದ. ಗಾಡಿ ಹೊರಟ ಮೇಲೂ ಅವಳು ಮೇವಿನ ಧೂಳಿನಲ್ಲಿ ನಿಂತೇ ಇದ್ದಳು. ಅವನು ಹೇಳಿದ್ದು ಸರಿಯಾಗಿತ್ತು. ಕೋಣೆ ತಂದಿದ್ದಳು, ಅದರ ಬಾಗಿಲನ್ನೂ ತಾನೇ ಮುಚ್ಚಿದ್ದಳು.

ಆರು ಗಂಟೆಗೆ ಸಭೆ ಸೇರಿತು. ಬಾಗಿಲ ಬಳಿ ಒಬ್ಬ ಪೊಲೀಸ್ ನಿಲ್ಲಬೇಕೆಂಬುದು ಅಲ್ಲಿಯ ಪದ್ಧತಿ. ಈ ಸಲದ ಸರದಿ ಕ್ರೆನೆಕ್‌ನದು. ಅವನು ಬೆಲ್ಟಿಗೆ ಎರಡೂ ಹೆಬ್ಬೆರಳು ಸಿಕ್ಕಿಸಿ ಗೋಡೆಗೆ ಒರಗಿದ್ದ. ಬೈಕಿನವನು ಏನಾದ ಎಂದು ಯಾರನ್ನೂ ಕೇಳಲು ಜಯದೇವಿಗೆ ಧೈರ್ಯವಾಗಲಿಲ್ಲ. ಮೇಯರ್ ಪ್ರಾರ್ಥನೆ ಮುಗಿಸಿ, ಧ್ವಜಕ್ಕೆ ವಂದಿಸಿ, ಒಪ್ಪಿಗೆಯ ಪಟ್ಟಿ ತೆಗೆದುಕೊಂಡರು. ಚರ್ಚೆ ಬೇಡದ ವಿಷಯಗಳನ್ನೆಲ್ಲ ಒಟ್ಟಿಗೆ ಒಂದೇ ಓಟಿಗೆ ಹಾಕುವ ಪಟ್ಟಿ ಅದು. ಸ್ಮಶಾನದ ಹುಲ್ಲು ಕತ್ತರಿಸುವ ಗುತ್ತಿಗೆ, ನೀರಿನ ಟಾಕಿಯ ಬಣ್ಣ, ಏಳನೆಯದು ಅವಳದು. "ಯಾವುದನ್ನಾದರೂ ಹಿಂದೆ ತೆಗೆದುಕೊಳ್ಳುವವರಿದ್ದೀರಾ?" ಎಂದು ಮೇಯರ್ ವಾಡಿಕೆಯಂತೆ ಕೇಳಿದರು. ಜಯದೇವಿಯ ಕೈ ಮಡಿಲಿನಿಂದ ಒಂದು ಅಂಗುಲ ಮೇಲೆದ್ದಿತು. ಕತ್ತು ತಿರುಗಿಸಿ ಬಾಗಿಲ ಕಡೆ ನೋಡಿದಳು. ಕ್ರೆನೆಕ್ ಅವಳ ಕೈಯನ್ನೇ ನೋಡುತ್ತಿದ್ದ. ಅವನು ಬೇಡ ಎಂದು ತಲೆಯಾಡಿಸಲಿಲ್ಲ, ಹ್ಞೂಂ ಎಂದೂ ಆಡಿಸಲಿಲ್ಲ. ಅವಳ ಕೈ ಕೆಳಗಿಳಿಯಿತು. ಅದು ಧೈರ್ಯವೋ ಹೇಡಿತನವೋ ಅವಳಿಗೆ ತಿಳಿಯಲಿಲ್ಲ, ಎರಡೂ ಇರಬೇಕು. ಐದು ಜನ ಸದಸ್ಯರು ಹ್ಞೂಂ ಎಂದರು. ಹುಲ್ಲು, ಬಣ್ಣ, ಪೊಲೀಸರ ಮನಸ್ಸು, ಎಲ್ಲ ಒಂದೇ ಉಸಿರಿಗೆ ಪಾಸಾದವು. ಯಾರೂ ಅವಳನ್ನು ಒಂದು ಪ್ರಶ್ನೆ ಕೇಳಲಿಲ್ಲ. ಇಷ್ಟಕ್ಕಾಗಿಯೇ ಅದನ್ನೆಲ್ಲ ಬರೆದದ್ದು ಎನಿಸಿತು.

ಸಭೆ ಮುಗಿದಾಗ ಹೊರಗೆ ಇನ್ನೂ ಬೆಳಕಿತ್ತು. ಪಾರ್ಕಿಂಗಿನ ಮರಗಳಲ್ಲಿ ನೂರಾರು ಗ್ರಾಕಲ್ ಹಕ್ಕಿಗಳು ಸೇರಿ ಕಿವಿ ಕಿತ್ತುಹೋಗುವ ಹಾಗೆ ಕೂಗುತ್ತಿದ್ದವು. ಠಾಣೆಯ ಮುಖ್ಯಸ್ಥರು ಅವಳ ಕೈ ಕುಲುಕಿ, ಮುಂದಿನ ವಾರ ಪತ್ರಿಕೆಗೆ ಫೋಟೋ ತೆಗೆಸೋಣ ಎಂದು ಹೇಳಿ ಹೊರಟುಹೋದರು. ಅವಳು ಕಾರಿನ ಬೀಗ ತೆಗೆಯುವಾಗ ಹಿಂದೆ ಬೂಟಿನ ಸದ್ದು ಕೇಳಿಸಿತು. ಕ್ರೆನೆಕ್ ಎರಡು ಮಾರು ದೂರದಲ್ಲಿ ನಿಂತ.

"ಆಕಿ ಎಂದ ಬರ್ತಾಳ್ರಿ, ಆ ಸಲಹಾ ಕೊಡಾಕಿ?"

"ನವೆಂಬರ್ ಮೊದಲ ಸೋಮವಾರ."

"ಎರಡು ಗಂಟೇಕ ನನ್ನ ಹೆಸರು ಹಾಕ್ರಿ."

ಎರಡು ಗಂಟೆಗೆ ಪಾಳಿ ಬದಲಾಗುತ್ತದೆ. ಬರುವವರು ಹೋಗುವವರು ಎಲ್ಲ ಓಣಿಯಲ್ಲೇ ಇರುತ್ತಾರೆ. ಅವಳು ಗಾಬರಿಯಾಗಿ, "ಬೇಡ ಸಾರ್ಜೆಂಟ್, ಆ ಹೊತ್ತಿಗೆ ಬೇಡ. ಹೆಸರು ಕೂಡ ಬೇಕಿಲ್ಲ, ನಂಬರ್ ಸಾಕು. ಆ ಕೋಣೆಗೆ ಹಿಂದೆ ಒಂದು ಬಾಗಿಲಿದೆ, ಗಲ್ಲಿಯಿಂದ ಬರಬಹುದು, ಯಾರಿಗೂ ಕಾಣಿಸುವುದಿಲ್ಲ," ಎಂದಳು.

"ಹಿಂದಿನ ಬಾಗಿಲಾ ಉಳದವ್ರಿಗೆ ಇರ್ಲಿ," ಎಂದ ಕ್ರೆನೆಕ್. "ನಂದಂತೂ ಎಲ್ಲಾರೂ ಓದಿ ಮುಗಿಸ್ಯಾರ. ನಾ ಯುನಿಫಾರ್ಮ್ ಹಾಕ್ಕೊಂಡು ಮುಂದಿನ ಬಾಗಿಲದಿಂದ ಹೋಗ್ತೇನಿ. ಎಲ್ಲಾರೂ ನನ್ನ ನೋಡಿಕೋತ ನಿಂತಿರ್ತಾರ. ಆ ಹೊತ್ತನ್ಯಾಗ ಹಿಂದಿನಿಂದ ಯಾರು ಒಳಗ ಹೋದ್ರು, ಯಾರು ಹೊರಗ ಬಂದ್ರು ಅಂತ ಯಾರೂ ನೋಡೂದಿಲ್ಲ."

ಜಯದೇವಿ ಥ್ಯಾಂಕ್ಸ್ ಎನ್ನಲು ಬಾಯಿ ತೆರೆದಳು. "ನಿಮ್ಮ ಸಲುವಾಗಿ ಅಲ್ಲ," ಎಂದ ಅವನು, "ನಿಮ್ಮ ಮ್ಯಾಲಿನ ಸಿಟ್ಟು ಇನ್ನೂ ಹೋಗಿಲ್ಲ. ಹೋಗ್ತದೋ ಇಲ್ಲೋ ಗೊತ್ತಿಲ್ಲ." ಅವಳು ತಲೆಯಾಡಿಸಿದಳು. ಇಷ್ಟು ದೊಡ್ಡ ಮನುಷ್ಯನ ಎದುರು ನಿಂತಿದ್ದೇನೆ ಎಂದು ಅವಳಿಗೆ ನಿಜವಾಗಿ ಅನಿಸಿತ್ತು, ಎದೆಯಲ್ಲಿ ಬರೀ ಗೌರವವೇ ತುಂಬಿತ್ತು. ಆದರೂ, ಅದೇ ಕ್ಷಣದಲ್ಲಿ, ಮೂರು ತಿಂಗಳಿಗೊಮ್ಮೆ ವಾಷಿಂಗ್ಟನ್ನಿಗೆ ಕಳಿಸಬೇಕಾದ ವರದಿ ನೆನಪಾಯಿತು, ಅದರಲ್ಲಿ 'ಯಶಸ್ಸಿನ ಕಥೆ' ಎಂಬ ಒಂದು ಖಾಲಿ ಚೌಕ. ಅವಳ ತಲೆಯೊಳಗೆ ಒಂದು ಇಂಗ್ಲಿಷ್ ವಾಕ್ಯ ತಾನಾಗಿಯೇ ಹೊಂದಿಕೊಳ್ಳತೊಡಗಿತು: ಒಬ್ಬ ಹಿರಿಯ ಅಧಿಕಾರಿ, ತಮ್ಮ ಕಿರಿಯರಿಗಾಗಿ, ಮುಂದಿನ ಬಾಗಿಲಿನಿಂದ...

ಕ್ರೆನೆಕ್ ಅವಳ ಮುಖವನ್ನೇ ನೋಡುತ್ತಿದ್ದ.

"ಮಿಸ್ ಜೇ," ಎಂದ, ಮೆಲ್ಲಗೆ, ಎಪ್ಪತ್ತು ಬಾಗಿಲುಗಳಲ್ಲಿ ಮಾತಾಡಿದ ದನಿಯಲ್ಲಿ. "ಇದನ್ನ ಬರೀಬ್ಯಾಡ್ರಿ."

"ಇಲ್ಲ," ಎಂದಳು. ವಾಕ್ಯ ಆಗಲೇ ಪೂರ್ತಿಯಾಗಿತ್ತು. ಚೆನ್ನಾಗಿಯೂ ಇತ್ತು.